ಮೂರು ಕ್ಯಾಮಲ್, ಮೂರು ಬಗೆಯ ತಂತಿ

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮಲ್‌ನ ಪ್ಲಾಸ್ಟಿಕ್ ಮಾದರಿಯನ್ನು ನಾನು 1/48 ಅಳತೆಯಲ್ಲಿ ಮೂರು ಸಲ ಕಟ್ಟಿದ್ದೇನೆ. ಕಿಟ್ ಒಂದೇ, ಬಣ್ಣವೂ ಒಂದೇ. ಬದಲಾಗಿದ್ದು ರೆಕ್ಕೆಗಳ ನಡುವಿನ ತಂತಿ. ಮೊದಲನೆಯದಕ್ಕೆ ಬಿಸಿ ಮಾಡಿ ಎಳೆದ ಸ್ಪ್ರೂ (ಕಿಟ್‌ನ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು), ಎರಡನೆಯದಕ್ಕೆ ಗಾಳದ ದಾರ, ಮೂರನೆಯದಕ್ಕೆ ಎಲಾಸ್ಟಿಕ್ ದಾರ. ಮೂರೂ ಈಗ ಕಪಾಟಿನ ಒಂದೇ ಹಲಗೆಯ ಮೇಲೆ ನಿಂತಿವೆ. ಎರಡು ರೆಕ್ಕೆಯ ವಿಮಾನದ ಮಾದರಿಗೆ ಕೈಹಾಕುವವರು ಬಣ್ಣದ ಡಬ್ಬಿ ತೆರೆಯುವ ಮೊದಲೇ ತಂತಿ ಯಾವುದೆಂದು ತೀರ್ಮಾನಿಸಿಕೊಳ್ಳಬೇಕು ಅನ್ನುವುದು ಮೂರನೆಯದು ಮುಗಿಯುವಾಗ ನನಗೆ ಖಾತ್ರಿಯಾಯಿತು. ಯಾವ ಭಾಗಕ್ಕೆ ಯಾವಾಗ ಬಣ್ಣ ಹಚ್ಚಬೇಕು ಅನ್ನುವುದೆಲ್ಲ ಅದರ ಮೇಲೆಯೇ ನಿಂತಿದೆ.

ನಿಜವಾದ ಕ್ಯಾಮಲ್ ಮೊದಲು ಹಾರಿದ್ದು 1916ರ ಡಿಸೆಂಬರ್‌ನಲ್ಲಿ. ಮರದ ಚೌಕಟ್ಟಿನ ಮೇಲೆ ಲಿನನ್ ಬಟ್ಟೆ ಬಿಗಿದ ಆ ರೆಕ್ಕೆಗಳನ್ನು ಆಕಾರದಲ್ಲಿ ಹಿಡಿದಿಟ್ಟಿದ್ದು ತಂತಿಗಳು. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ಎಳೆದು ಹಿಡಿಯುವುದು ಫ್ಲೈಯಿಂಗ್ ವೈರ್, ನೆಲದ ಮೇಲಿರುವಾಗ ರೆಕ್ಕೆಯ ಭಾರ ಹೊರುವುದು ಲ್ಯಾಂಡಿಂಗ್ ವೈರ್. ಹಾರುವಾಗಿನ ಎಳೆತ ಹೆಚ್ಚಾದ್ದರಿಂದ ಕ್ಯಾಮಲ್‌ನಲ್ಲಿ ಫ್ಲೈಯಿಂಗ್ ವೈರ್‌ಗಳು ಜೋಡಿ ಜೋಡಿ, ಲ್ಯಾಂಡಿಂಗ್ ವೈರ್ ಒಂಟಿ. ಜೋಡಿ ಇರುವಲ್ಲಿ ಒಂದನ್ನೇ ಎಳೆದು ಬಿಟ್ಟರೆ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ದಪ್ಪದ ಲೆಕ್ಕ ಸುಲಭ. 6 ಮಿ.ಮೀ. ತಂತಿ 1/48ರಲ್ಲಿ 0.125 ಮಿ.ಮೀ. ಆಗುತ್ತದೆ, 1/72ರಲ್ಲಿ 0.083. ಕೈಗೆ ಸಿಕ್ಕ ಹೊಲಿಗೆ ದಾರ ಕಟ್ಟಿದರೆ ವಿಮಾನಕ್ಕೆ ಹಗ್ಗ ಬಿಗಿದಂತೆ ಕಾಣುವುದು ಇದಕ್ಕೇ. ಅದರ ಮೇಲೆ ದಾರದ ಜುಂಗು ಬೇರೆ.

ಸ್ಪ್ರೂ ವಿಧಾನಕ್ಕೆ ಖರ್ಚೇ ಇಲ್ಲ. ಕಿಟ್‌ನ ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ಒಂದು ತುಂಡನ್ನು ಮೇಣದಬತ್ತಿಯ ಜ್ವಾಲೆಗಿಂತ ಒಂದಿಂಚು ಮೇಲೆ ಹಿಡಿದು ತಿರುಗಿಸುತ್ತಿರಬೇಕು. ಮೊದಲು ಮೈ ಮಿರುಗುತ್ತದೆ, ಆಮೇಲೆ ನಡು ಜೋಲುತ್ತದೆ. ಆಗ ಜ್ವಾಲೆಯಿಂದ ಆಚೆ ತಂದು ಎರಡೂ ಕೈ ಅಗಲಿಸಿದರೆ ಕೂದಲೆಳೆಯಂಥ ತಂತಿ ಸಿಗುತ್ತದೆ. ನಿಧಾನಕ್ಕೆ ಎಳೆದರೆ ದಪ್ಪ, ಬೇಗ ಎಳೆದರೆ ಸಣ್ಣ. ಕೈವಾರದಲ್ಲಿ ಅಳತೆ ತೆಗೆದುಕೊಂಡು, ಕತ್ತರಿಸಿ, ಎರಡು ತುದಿಗೂ ಬಿಳಿ ಅಂಟಿನ ಚುಕ್ಕೆ ಇಟ್ಟು ಕೂರಿಸಿದರಾಯಿತು. ರಂಧ್ರ ಕೊರೆಯುವ ಗೋಜಿಲ್ಲ. ಸಡಿಲವಾಗಿದ್ದರೆ ಊದಿನಕಡ್ಡಿಯ ಕೆಂಡವನ್ನು ಮುಟ್ಟಿಸದೆ ಹತ್ತಿರ ತಂದರೆ ಸಾಕು, ಕಣ್ಣೆದುರೇ ಬಿಗಿದುಕೊಳ್ಳುತ್ತದೆ. ಆ ಕ್ಷಣ ನೋಡಲು ಬಲು ಚೆಂದ. ಆದರೆ ಧೂಳು ಒರೆಸುವಾಗ ಕುಂಚ ತಾಗಿ ಒಂದೇ ಸಂಜೆ ನಾಲ್ಕು ತಂತಿ ಮುರಿದವು. ಉಳಿದವುಗಳಲ್ಲಿ ಎರಡು, ವರ್ಷ ತುಂಬುವುದರೊಳಗೆ ಜೋಲು ಬಿದ್ದವು.

ಗಾಳದ ದಾರದ ಕೆಲಸ ಶುರುವಾಗುವುದು ರೆಕ್ಕೆ ಜೋಡಿಸುವುದಕ್ಕೂ ಮುಂಚೆ. 0.12 ಮಿ.ಮೀ. ನೈಲಾನ್ ಎಳೆ ತಂದೆ. ಬೆರಳಿನಿಂದ ತಿರುಗಿಸುವ ಪುಟ್ಟ ಡ್ರಿಲ್ಲಾದ ಪಿನ್ ವೈಸ್‌ನಲ್ಲಿ 0.3 ಮಿ.ಮೀ. ಬಿಟ್ ಹಾಕಿ ಕೆಳರೆಕ್ಕೆಯಲ್ಲಿ ಅರ್ಧ ಆಳದ ರಂಧ್ರ, ಮೇಲಿನ ರೆಕ್ಕೆಯಲ್ಲಿ ಆಚೆ ಬದಿಗೆ ತೂರುವ ರಂಧ್ರ ಕೊರೆದೆ. ತಂತಿ ಯಾವ ಓರೆಯಲ್ಲಿ ಬರುತ್ತದೋ ಬಿಟ್ಟನ್ನೂ ಅದೇ ಓರೆಯಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ರಂಧ್ರದ ಬಾಯಲ್ಲಿ ದಾರ ಮುರುಟಿದಂತೆ ಕಾಣುತ್ತದೆ. ಎಲ್ಲ ಎಳೆಗಳನ್ನೂ ಕೆಳರೆಕ್ಕೆಗೆ ಸೂಪರ್‌ಗ್ಲೂನಿಂದ ಕೂರಿಸಿ, ಮೇಲಿನ ರೆಕ್ಕೆಯನ್ನು ಸ್ಟ್ರಟ್‌ಗಳ (ಎರಡು ರೆಕ್ಕೆಗಳ ನಡುವಿನ ಕಂಬಗಳ) ಮೇಲೆ ಭದ್ರ ಮಾಡಿ, ಒಂದೊಂದೇ ಎಳೆಯನ್ನು ಅದರದರ ರಂಧ್ರದಲ್ಲಿ ತೂರಿಸಿದೆ. ಆಮೇಲೆ ವಿಮಾನವನ್ನು ಎರಡು ಪೆಟ್ಟಿಗೆಗಳ ನಡುವೆ ತಲೆಕೆಳಗು ಇಟ್ಟು, ಜೋತ ಎಳೆಗಳಿಗೆ ಬಟ್ಟೆ ಕ್ಲಿಪ್ ಕಚ್ಚಿಸಿದೆ. ಕ್ಲಿಪ್ಪಿನ ಭಾರಕ್ಕೆ ದಾರ ತಾನಾಗಿ ಬಿಗಿಯುತ್ತದೆ. ರಂಧ್ರದ ಬಾಯಿಗೆ ಒಂದು ಹನಿ ಸೂಪರ್‌ಗ್ಲೂ ಬಿಟ್ಟು, ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಮೈಮಟ್ಟಕ್ಕೆ ಕತ್ತರಿಸುವುದು.

ಇಲ್ಲಿ ಎರಡು ಕಡೆ ಪೆಟ್ಟು ತಿಂದೆ. ಎಡಗಡೆಯ ಎಳೆಗಳಿಗೆಲ್ಲ ಒಟ್ಟಿಗೇ ಕ್ಲಿಪ್ ಹಾಕಿಬಿಟ್ಟಿದ್ದರಿಂದ ಮೇಲಿನ ರೆಕ್ಕೆ ಆ ಕಡೆಗೆ ವಾಲಿತು. ಕ್ಯಾಮಲ್‌ನ ಮೇಲಿನ ರೆಕ್ಕೆ ನೇರ, ಕೆಳಗಿನದು ತುದಿಗೆ ಹೋದಂತೆ ಏರುತ್ತದೆ. ಹಾಗಾಗಿ ಒಂದು ಮಿಲಿಮೀಟರ್ ವಾಲಿದರೂ ಎದುರಿನಿಂದ ಎದ್ದು ಕಾಣುತ್ತದೆ. ಎಡಕ್ಕೊಂದು, ಬಲಕ್ಕೊಂದು ಎಂದು ಸರದಿಯಲ್ಲಿ ಹಾಕಬೇಕು. ಎರಡನೆಯದು ಬಣ್ಣದ ಪೆಟ್ಟು. ರೆಕ್ಕೆಯ ಮೇಲ್ಮೈಗೆ ಮೊದಲೇ ಬಣ್ಣ ಹಚ್ಚಿದ್ದೆ. ರಂಧ್ರಗಳನ್ನು ಮುಚ್ಚಿ, 1000 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಹಚ್ಚಲು ಹೋದರೆ ಕಲಸಿಟ್ಟ ಬಣ್ಣ ಖಾಲಿ. ಹೊಸದಾಗಿ ಕಲಸಿದ್ದು ಒಂದು ಛಾಯೆ ಹೆಚ್ಚು ಕಂದಾಗಿ, ತೇಪೆ ಹಾಕಿದಂತೆ ಕಂಡಿತು. ಇಡೀ ರೆಕ್ಕೆಗೆ ಮತ್ತೆ ಹಚ್ಚಬೇಕಾಯಿತು. ಹಾಗಾಗಿ ಗಾಳದ ದಾರ ಹಾಕುವುದಾದರೆ ಮೇಲಿನ ರೆಕ್ಕೆಯ ಬೆನ್ನಿಗೆ ಬಣ್ಣ, ರೌಂಡೆಲ್ ಡೆಕಾಲ್ (ದುಂಡು ಗುರುತಿನ ಅಂಟುಚಿತ್ರ) ಎರಡೂ ತಂತಿ ಕೆಲಸ ಮುಗಿದ ಮೇಲೆಯೇ.

ಆ ಬಣ್ಣದ ಹೆಸರು ಪಿಸಿ10. ಸೂರ್ಯನ ಬೆಳಕಿಗೆ ಲಿನನ್ ಹಾಳಾಗದಿರಲೆಂದು ಕಬ್ಬಿಣದ ಆಕ್ಸೈಡ್ ಮತ್ತು ಕಾಡಿಗೆ ಕಲಸಿ ಬಳಿಯುತ್ತಿದ್ದ ಲೇಪ ಅದು. ಹಸಿರು ಸುಳಿಯುವ ಖಾಕಿಯಿಂದ ಚಾಕಲೇಟ್ ಕಂದಿನವರೆಗೆ ಅದರ ಛಾಯೆಯ ಬಗ್ಗೆ ಮಾದರಿ ಕಟ್ಟುವವರಲ್ಲಿ ವಾದ ನಡೆದೇ ಇದೆ. ನನಗೆ ಒಪ್ಪಿಗೆಯಾದದ್ದು ಹಸಿರಿಗೆ ವಾಲಿದ ಕಂದು. ಹೊಟ್ಟೆಯ ಕಡೆ ಬಣ್ಣವಿಲ್ಲದ ಲಿನನ್, ಅಂದರೆ ಮಾಸಲು ಕೆನೆಬಣ್ಣ. ತಿರುಗುವ ರೋಟರಿ ಎಂಜಿನ್ ಹರಳೆಣ್ಣೆ ಚೆಲ್ಲುತ್ತಿತ್ತು, ಆದ್ದರಿಂದ ಎಂಜಿನ್ನಿನ ಹೊದಿಕೆಯಾದ ಕೌಲಿಂಗ್‌ನಿಂದ ಹಿಂದಕ್ಕೆ ತೆಳುವಾದ ಕಂದು ಕಲೆ ಹಾಕಿದರೆ ಆ ಕೆನೆಬಣ್ಣಕ್ಕೆ ಜೀವ ಬರುತ್ತದೆ.

ಎಲಾಸ್ಟಿಕ್ ದಾರದಲ್ಲಿ ಈ ಹಿಂದುಮುಂದಿನ ಲೆಕ್ಕವೇ ಇಲ್ಲ. ಬಣ್ಣ, ಡೆಕಾಲ್, ವಾರ್ನಿಷ್ ಎಲ್ಲ ಮುಗಿಸಿ, ರೆಕ್ಕೆ ಜೋಡಿಸಿ, ಕೊನೆಯಲ್ಲಿ ತಂತಿ. ಎರಡೂ ಕಡೆ ಅರ್ಧ ಮಿಲಿಮೀಟರ್ ಆಳದ ರಂಧ್ರ ಸಾಕು. ಒಂದು ತುದಿಯನ್ನು ಸೂಪರ್‌ಗ್ಲೂ ಚುಕ್ಕೆಯಲ್ಲಿ ಅದ್ದಿ ಕೂರಿಸಿ ಹತ್ತು ಎಣಿಸುವುದು, ಇನ್ನೊಂದು ತುದಿಯನ್ನು ಚಿಮುಟದಲ್ಲಿ ಹಿಡಿದು ತುಸು ಹಿಗ್ಗಿಸಿ ಎದುರಿನ ರಂಧ್ರಕ್ಕೆ ಒತ್ತುವುದು. ಬೆರಳು ತಾಗಿದರೆ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಸ್ಪ್ರೂ ಮುರಿದ ಆ ಸಂಜೆ ಕಂಡವನಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಅಂಟು ಹೆಚ್ಚಾದರೆ ಅದರ ಆವಿಗೆ ಪಿಸಿ10 ಮೇಲೆ ಬಿಳಿ ಮಬ್ಬು ಕೂರುತ್ತದೆ. ಮ್ಯಾಟ್ ವಾರ್ನಿಷ್ ಒಂದು ಕೈ ಸವರಿದರೆ ಹೋಗುತ್ತದೆ.

ಎಲಾಸ್ಟಿಕ್‌ಗೆ ಸಾಲದ್ದು ಬಲ. ನೈಲಾನ್ ಬಿಗಿದ ಎರಡನೆಯ ಕ್ಯಾಮಲ್‌ನ ರೆಕ್ಕೆಯ ತುದಿ ಹಿಡಿದು ಎತ್ತಿದರೆ ಇಡೀ ಮಾದರಿ ಒಂದೇ ತುಂಡಿನಂತೆ ಏಳುತ್ತದೆ. ನಿಜವಾದ ವಿಮಾನದಲ್ಲಿ ತಂತಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ದಾರ ಮಾಡುತ್ತಿದೆ. ಮೂರನೆಯದನ್ನು ಹಾಗೆ ಎತ್ತುವ ಧೈರ್ಯ ನನಗಿಲ್ಲ.

(1917ರಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನ 28ನೇ ಸ್ಕ್ವಾಡ್ರನ್ನಿನಲ್ಲಿ ಭಾರತೀಯ ಪೈಲಟ್ ಹರ್ದಿತ್ ಸಿಂಗ್ ಮಲಿಕ್ ಹಾರಿಸಿದ್ದು ಕ್ಯಾಮಲ್ಲನ್ನೇ. ಪೇಟದ ಮೇಲೆ ಕೂರುವಂಥ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡಿದ್ದರು. ಎರಡನೆಯ ಕ್ಯಾಮಲ್‌ನ ಪೈಲಟ್ ಬೊಂಬೆಯ ತಲೆಯನ್ನು ನಾನು ಪುಟ್ಟಿಯಿಂದ ಉಬ್ಬಿಸಿದ್ದು ಅವರಿಗಾಗಿ.)

ಮೊದಲ ಸಲ ಕಟ್ಟುವವರಿಗೆ, 1/72ರಲ್ಲಿ ಕಟ್ಟುವವರಿಗೆ ಎಲಾಸ್ಟಿಕ್ ಎಂದೇ ಹೇಳುತ್ತೇನೆ. 1/48ಕ್ಕೂ ಅದಕ್ಕಿಂತ ದೊಡ್ಡದಕ್ಕೂ, ತಾಳ್ಮೆ ಇದ್ದರೆ, ಗಾಳದ ದಾರ. ಕಪಾಟಿನಲ್ಲಿ ನನ್ನ ಕಣ್ಣು ಹೋಗಿ ನಿಲ್ಲುವುದು ಅದರ ಮೇಲೆಯೇ. ಬ್ರಿಟಿಷ್ ವಿಮಾನಗಳ ತಂತಿ ದುಂಡಗಿರದೆ ಗಾಳಿ ಸೀಳುವಂತೆ ಚಪ್ಪಟೆಯಾಗಿತ್ತು, ಅದನ್ನು ಈ ಮೂರರಲ್ಲಿ ಯಾವುದೂ ಪೂರ್ತಿ ತೋರಿಸುವುದಿಲ್ಲ. ಆದರೆ 0.12 ಮಿ.ಮೀ.ನಲ್ಲಿ ಆ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು. ಸ್ಪ್ರೂವನ್ನು ನಾನು ಪೂರ್ತಿ ಬಿಟ್ಟಿಲ್ಲ. ಬಾಲದ ಹತ್ತಿರ ರಡ್ಡರ್‌ಗೆ (ದಿಕ್ಕು ತಿರುಗಿಸುವ ಹಲಗೆಗೆ) ಹೋಗುವ ಗಿಡ್ಡ ಕೇಬಲ್‌ಗಳಿಗೆ ಅದರಷ್ಟು ನೆಟ್ಟಗೆ ಕೂರುವುದು ಬೇರೊಂದಿಲ್ಲ. ನಾಲ್ಕನೆಯ ಕ್ಯಾಮಲ್‌ನ ಪೆಟ್ಟಿಗೆ ತೆರೆದಾಗಿದೆ, ಮೇಲಿನ ರೆಕ್ಕೆಗೆ ರಂಧ್ರ ಕೊರೆದಾಗಿದೆ. ಪಿಸಿ10 ಈ ಸಲ ಒಂದು ಬಾಟಲಿ ತುಂಬ ಕಲಸಿಟ್ಟಿದ್ದೇನೆ.