ಇಪ್ಪತ್ತೈದು ಅಡಿಯ ಬಾಡಿಗೆ ಮನೆ: 14 ರಾತ್ರಿ, 1,800 ಮೈಲಿ

ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ತಗೊಳ್ಳೋಣವೇ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ದಿನಕ್ಕೆ ನೂರೈವತ್ತು ಮೈಲಿಗಿಂತ ಹೆಚ್ಚು ಓಡಿಸುವ ಯೋಚನೆ ಇದ್ದರೆ ಬೇಡ. ಕಾರಿನಲ್ಲಿ ಹೋಗಿ, ಮೋಟೆಲಿನಲ್ಲಿ ಮಲಗಿ; ಖರ್ಚೂ ಕಡಿಮೆ, ಬೆನ್ನಿಗೂ ಒಳ್ಳೆಯದು. ಬೆಳಗಿನ ಕಾಫಿ ಮುಗಿಸಿ, ಪಾತ್ರೆ ತೊಳೆದು, ಹತ್ತು ಗಂಟೆಗೆ ಹೊರಟು, ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲಾದರೂ ಮರದಡಿ ನಿಲ್ಲಿಸಿಬಿಡುವ ಮನಸ್ಸಿದ್ದರೆ ಮಾತ್ರ ತಗೊಳ್ಳಿ. ನಾವಿಬ್ಬರೂ ಸೆಪ್ಟೆಂಬರಿನಲ್ಲಿ ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಹೊರಟು ಅಯೋವಾ, ನೆಬ್ರಾಸ್ಕಾ, ಸೌತ್ ಡಕೋಟಾ ಸುತ್ತಿ ಹದಿನಾಲ್ಕು ರಾತ್ರಿ ಕಳೆದು ಬಂದೆವು. ಇನ್ನೂರು ಮೈಲಿ ದಾಟಿದ ದಿನಗಳಲ್ಲಿ ಬರೀ ರಸ್ತೆ ನೆನಪಿದೆ. ಎಂಬತ್ತು ಮೈಲಿ ಹೋದ ದಿನಗಳ ಒಂದೊಂದು ಗಂಟೆಯೂ ನೆನಪಿದೆ.

ಗಾಡಿ ಕ್ಲಾಸ್ ಸಿ, ಅಂದರೆ ಡ್ರೈವರ್ ತಲೆಯ ಮೇಲೂ ಒಂದು ಹಾಸಿಗೆ ಚಾಚಿಕೊಂಡಿರುವ ನಮೂನೆ. ಕೆಳಗಿರುವುದು ಫೋರ್ಡ್ ಇ-450 ಚಾಸಿ, 7.3 ಲೀಟರಿನ ವಿ8 ಪೆಟ್ರೋಲ್ ಎಂಜಿನ್. ಗ್ಯಾಲನ್‌ಗೆ ಒಂಬತ್ತು ಮೈಲಿ ಕೊಟ್ಟಿತು. ಈ ಗಾತ್ರಕ್ಕೆ ಅಷ್ಟೇ ನಿರೀಕ್ಷಿಸಬೇಕು. ಬಾಡಿಗೆ ರಾತ್ರಿಗೆ 165 ಡಾಲರ್. ರಾತ್ರಿಗೆ ನೂರರಂತೆ 1,400 ಮೈಲಿ ಅದರೊಳಗೇ, ಅದರ ಮೇಲೆ ಮೈಲಿಗೆ 35 ಸೆಂಟ್. ಇನ್ಶೂರೆನ್ಸ್, ಕ್ಲೀನಿಂಗ್, ಪೆಟ್ರೋಲು, ಕ್ಯಾಂಪ್‌ಗ್ರೌಂಡ್ ಎಲ್ಲ ಸೇರಿ 3,900 ಡಾಲರಿನ ಹತ್ತಿರ ಬಂತು. ಊಟದ ಸಾಮಾನು ಬೇರೆ.

ನನ್ನ ದೊಡ್ಡ ದೂರು ಗಾಡಿಯ ಮೇಲಲ್ಲ, ಬಾಡಿಗೆ ಕೊಟ್ಟವರ ಮೇಲೆ. ಜೀವನದಲ್ಲಿ ಮೊದಲ ಸಲ ಆರ್‌ವಿ ಮುಟ್ಟುತ್ತಿರುವ ಅರವತ್ತು ದಾಟಿದ ಗಂಡ ಹೆಂಡತಿಗೆ ಅವರು ಕೊಟ್ಟ ತರಬೇತಿ ಇಪ್ಪತ್ತು ನಿಮಿಷ. ಹುಡುಗ ಒಂದೊಂದೇ ಸ್ವಿಚ್ ಒತ್ತಿ ತೋರಿಸುತ್ತಾ ಹೋದ, ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ನಮಗೆ ಮುಖ್ಯವಾಗಿ ಬೇಕಿದ್ದ ಎರಡು ವಿಷಯ ಅವನು ಹೇಳಲೇ ಇಲ್ಲ. ಒಂದು: ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಜನರೇಟರ್ ಓಡುವುದಿಲ್ಲ. ಎರಡು: ಶೌಚದ ಬ್ಲ್ಯಾಕ್ ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ ದೀಪಗಳನ್ನು ನಂಬುವ ಹಾಗಿಲ್ಲ, ಸೆನ್ಸರ್ ಮೇಲೆ ಕೊಳೆ ಕೂತರೆ ಖಾಲಿ ಟ್ಯಾಂಕೂ ತುಂಬಿದೆ ಎಂದೇ ಹೇಳುತ್ತದೆ. ನೀವು ಹೋದಾಗ ಒಂದು ಗಂಟೆ ಬೇಕು ಎಂದು ಕೂತುಬಿಡಿ. ಅವನು ತೋರಿಸುವುದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಮೊದಲ ರಾತ್ರಿ ಅಯೋವಾದ ಅಮಾನಾದಲ್ಲಿ. ಜರ್ಮನಿಯಿಂದ ಬಂದ ಒಂದು ಧಾರ್ಮಿಕ ಪಂಗಡದವರು 1855ರಲ್ಲಿ ಕಟ್ಟಲು ಶುರು ಮಾಡಿದ ಏಳು ಹಳ್ಳಿಗಳಿವು. 1932ರವರೆಗೂ ಹೊಲ, ಗಿರಣಿ, ದುಡಿಮೆ ಎಲ್ಲವೂ ಸಮುದಾಯದ್ದು. ಅಲ್ಲಿನ ಹಳೆಯ ಇಟ್ಟಿಗೆ ಮನೆಗಳ ಮುಂದೆ ನಡೆಯುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದೇ: ಆ ಮನೆಗಳಲ್ಲಿ ಅಡುಗೆಮನೆ ಇರಲಿಲ್ಲ. ಊರಿಗೆ ಹಲವು ಸಾಮೂಹಿಕ ಅಡುಗೆಮನೆಗಳಿದ್ದವು, ಹೆಂಗಸರು ಸರದಿಯಲ್ಲಿ ಬೇಯಿಸುತ್ತಿದ್ದರು, ಎಲ್ಲರೂ ಅಲ್ಲೇ ಕೂತು ಉಣ್ಣುತ್ತಿದ್ದರು. ಅಷ್ಟು ದೊಡ್ಡ ಮನೆ, ಒಲೆ ಇಲ್ಲ. ಅದನ್ನು ಕೇಳಿಕೊಂಡು ನನ್ನ ಗಾಡಿಗೆ ಹಿಂತಿರುಗಿದರೆ, ಇಲ್ಲಿ ಮನೆಯೆಂಬುದೇ ಎರಡಡಿ ಕಟ್ಟೆ, ಎರಡು ಬರ್ನರಿನ ಗ್ಯಾಸ್ ಒಲೆ, ಪಕ್ಕದಲ್ಲಿ ಕಿಟಕಿ. ಆ ಸಂಜೆ ಸಾರು ಕುದಿಯುತ್ತಿದ್ದಾಗ ಕಿಟಕಿಯಾಚೆ ಮುಸುಕಿನ ಜೋಳದ ಹೊಲ ಒಣಗಿ ಹುಲ್ಲುಬಣ್ಣಕ್ಕೆ ತಿರುಗುತ್ತಿತ್ತು, ಸೋಯಾ ಹಳದಿಯಾಗಿತ್ತು. ನಿಂತಲ್ಲೇ ತಿರುಗಿದರೆ ಊಟದ ಮೇಜು, ಇನ್ನೊಂದು ಹೆಜ್ಜೆಗೆ ಹಾಸಿಗೆ. ನನಗೆ ಇಡೀ ಪ್ರವಾಸವನ್ನು ಕೊಟ್ಟಿದ್ದು ಆ ಅಡುಗೆಮನೆ ಮತ್ತು ಆ ಕಿಟಕಿ.

ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಗ್ಗರಣೆಗೆ ಎಣ್ಣೆ ಇಡುವ ಮೊದಲು ಚಾವಣಿಯ ಫ್ಯಾನ್ ತೆರೆದು ಓಡಿಸಿ. ಮೊದಲ ದಿನ ಸಾಸಿವೆ ಸಿಡಿದ ಅರ್ಧ ನಿಮಿಷಕ್ಕೇ ಹೊಗೆಯ ಅಲಾರಂ ಕೂಗಿತು. ಇಂಡಕ್ಷನ್ ಒಲೆ ಒಂದನ್ನು ಮನೆಯಿಂದ ಒಯ್ದಿದ್ದು ಒಳ್ಳೆಯದಾಯಿತು. ಕ್ಯಾಂಪ್‌ಗ್ರೌಂಡಿನ ಕರೆಂಟಿಗೆ ದುಡ್ಡು ಕೊಟ್ಟಾಗಿರುತ್ತದೆ, ಹೊರಗಿನ ಪಿಕ್ನಿಕ್ ಮೇಜಿನ ಮೇಲೇ ಕುಕ್ಕರ್ ಇಡಬಹುದು. ಆದರೆ ಕರೆಂಟು 30 ಆಂಪ್ ಮಾತ್ರ; ಎಸಿ ಓಡುವಾಗ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬೀಳಬಹುದು. ನಮ್ಮ ಗಾಡಿಯ ಫ್ರಿಜ್ ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಹಳೆಯ ಪದ್ಧತಿಯದು. ಒಳಗೆ ಅಮೋನಿಯಾ ತನ್ನ ಭಾರಕ್ಕೇ ಇಳಿದು ಹರಿಯಬೇಕು, ಹಾಗಾಗಿ ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ಅದು ತಂಪು ಮಾಡುವುದಿಲ್ಲ. ನಮ್ಮವರು ಪ್ರತಿ ಸಂಜೆ ರಸಮಟ್ಟ ಹಿಡಿದು, ಚಕ್ರದಡಿ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟು, "ಇನ್ನೊಂದು ಚೂರು ಮುಂದೆ ತಗೋ" ಎಂದು ನನ್ನ ಕೈಲಿ ಓಡಿಸುತ್ತಿದ್ದರು. ಮೊಸರು ಹದಿನಾಲ್ಕು ದಿನವೂ ಕೆಡಲಿಲ್ಲ.

ಅಯೋವಾದಲ್ಲಿ ಇರುವವರೆಗೆ ಖಾಸಗಿ ಆರ್‌ವಿ ಪಾರ್ಕುಗಳ ಗೋಜಿಗೆ ಹೋಗಬೇಡಿ. ಆ ರಾಜ್ಯದ 99 ಕೌಂಟಿಗಳಲ್ಲೂ ಕೌಂಟಿಯದೇ ಕನ್ಸರ್ವೇಶನ್ ಬೋರ್ಡ್ ಇದೆ, ಎಷ್ಟೋ ಕಡೆ ಅವರದೇ ಕ್ಯಾಂಪ್‌ಗ್ರೌಂಡ್ ಇದೆ. ಕೆರೆ, ಓಕ್ ಮರ, ಕರೆಂಟು, ನೀರು, ಶುಚಿಯಾದ ಸ್ನಾನದ ಮನೆ. ನಾವು ಸರಾಸರಿ 30 ಡಾಲರ್ ಕೊಟ್ಟೆವು. ವಿಂಟರ್‌ಸೆಟ್‌ನಲ್ಲಂತೂ ಊರಿನ ಪಾರ್ಕಿನಲ್ಲೇ ಉಳಿದೆವು. ಅಲ್ಲೇ 1870ರ ಮರದ ಸೇತುವೆ, ಮನೆಯಂತೆ ಗೋಡೆ ಸೂರು ಹೊದ್ದಿರುವುದು. ಈ ಮ್ಯಾಡಿಸನ್ ಕೌಂಟಿಯಲ್ಲಿ ಒಂದು ಕಾಲಕ್ಕೆ ಇಂಥವು ಹತ್ತೊಂಬತ್ತು ಇದ್ದವಂತೆ, ಈಗ ಆರು. ಇನ್ನು ಅರವತ್ತೆರಡು ತುಂಬಿದ ಅಮೆರಿಕನ್ ಪೌರರೂ ಗ್ರೀನ್ ಕಾರ್ಡಿನವರೂ ರಾಷ್ಟ್ರೀಯ ಉದ್ಯಾನಗಳ 80 ಡಾಲರಿನ ಆಜೀವ ಸೀನಿಯರ್ ಪಾಸ್ ತೆಗೆದುಕೊಂಡೇ ಹೊರಡಿ. ಫೆಡರಲ್ ಕ್ಯಾಂಪ್‌ಗ್ರೌಂಡುಗಳಲ್ಲಿ ಬಹಳಷ್ಟು ಕಡೆ ಅರ್ಧ ದರ.

ನೆಬ್ರಾಸ್ಕಾದಲ್ಲಿ ಐ-80 ಹಿಡಿದು ಹೋದವರು "ಅಲ್ಲಿ ಏನೂ ಇಲ್ಲ" ಎನ್ನುತ್ತಾರೆ. ಗ್ರ್ಯಾಂಡ್ ಐಲೆಂಡ್‌ನಲ್ಲಿ ಆ ಹೆದ್ದಾರಿ ಬಿಟ್ಟು ಎರಡನೇ ನಂಬರಿನ ರಾಜ್ಯ ಹೆದ್ದಾರಿಗೆ ತಿರುಗಿ. ಬ್ರೋಕನ್ ಬೋ ದಾಟಿದ ಮೇಲೆ ಹೊಲಗಳು ನಿಂತು ಮರಳುಗುಡ್ಡಗಳು ಶುರುವಾಗುತ್ತವೆ, ಸ್ಯಾಂಡ್‌ಹಿಲ್ಸ್. ಹೆಸರಿಗೆ ಮರಳು, ಕಣ್ಣಿಗೆ ಹುಲ್ಲು. ಅಮೆರಿಕ ಖಂಡಗಳಲ್ಲೇ ಇಷ್ಟು ದೊಡ್ಡ ಮರಳುದಿಬ್ಬಗಳ ಹಾಸು ಇನ್ನೊಂದಿಲ್ಲ. ಹುಲ್ಲಿನ ಬೇರು ಹಿಡಿದಿಟ್ಟಿರುವುದರಿಂದ ಅದು ಹಾರಿಹೋಗಿಲ್ಲ. ಉಳುಮೆ ಮಾಡಿದರೆ ಹಾರುತ್ತದೆ, ಹಾಗಾಗಿ ಇಲ್ಲಿ ಬೇಸಾಯಕ್ಕಿಂತ ದನ ಹೆಚ್ಚು. ಕೆಳಗೆ ಒಗಲಾಲಾ ಎಂಬ ಅಂತರ್ಜಲದ ಪದರ ಇದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಆ ನೀರೇ ಮೇಲೆದ್ದು ಪುಟ್ಟ ಪುಟ್ಟ ಕೆರೆಗಳಾಗಿ ನಿಂತಿದೆ. ಗಾಳಿಯಂತ್ರ, ಅದರಡಿ ತೊಟ್ಟಿ, ಸುತ್ತ ಕಪ್ಪು ದನ. ಅರ್ಧ ಗಂಟೆಗೊಂದು ವಾಹನ. ಇಲ್ಲಿ ನಾನೇ ಓಡಿಸಿದೆ, ಗಂಟೆಗೆ ಐವತ್ತೈದರಲ್ಲಿ, ಹಿಂದಿನಿಂದ ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ.

ಹಾಲ್ಸಿ ಎಂಬಲ್ಲಿ ಅರಣ್ಯ ಇಲಾಖೆಯ ಬೆಸ್ಸಿ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿ ಎಂದುಕೊಂಡು ಮೂರು ರಾತ್ರಿ ಉಳಿದೆವು. ಆ ಹುಲ್ಲುಗಾಡಿನ ನಡುವೆ ಇದ್ದಕ್ಕಿದ್ದಂತೆ ಪೈನ್ ಕಾಡು. ಅದು ತಾನಾಗಿ ಬೆಳೆದದ್ದಲ್ಲ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಬೆಸ್ಸಿ ಈ ಮರಳಿನಲ್ಲೂ ಮರ ಬೆಳೆಯುತ್ತದೆ ಎಂದು ಹಟ ಹಿಡಿದು, 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಜಾಗ ಮೀಸಲಿಟ್ಟು, ಸಸಿ ಸಸಿಯಾಗಿ ಕೈಯಿಂದ ನೆಟ್ಟ ಕಾಡು. ಆಗಿನ ನರ್ಸರಿ ಈಗಲೂ ಸಸಿ ಬೆಳೆಸುತ್ತಿದೆ. ಪಕ್ಕದಲ್ಲಿ ಮಿಡ್ಲ್ ಲೂಪ್ ನದಿ, ಮೊಣಕಾಲುದ್ದದ ನೀರು, ಕಾಲಿಟ್ಟರೆ ಮರಳು ಜಾರುತ್ತದೆ. ನದಿಯಾಚೆ ರೈಲುಹಳಿ. ವಯೋಮಿಂಗ್‌ನ ಕಲ್ಲಿದ್ದಲು ಹೊತ್ತ ಗಾಡಿಗಳು ರಾತ್ರಿಯಿಡೀ ಹೋಗುತ್ತಿರುತ್ತವೆ. ನಿದ್ದೆ ಸೂಕ್ಷ್ಮವಾದವರಿಗೆ ಇದು ತೊಂದರೆಯೇ. ನಾವು ಎದ್ದಾಗಲೆಲ್ಲ ಹೊರಗೆ ಬಂದು ಕುರ್ಚಿ ಹಾಕಿ ಕೂತೆವು. ಆಕಾಶಗಂಗೆ ಒಂದು ದಿಗಂತದಿಂದ ಇನ್ನೊಂದಕ್ಕೆ ಹಾದಿತ್ತು. ನಮ್ಮವರು ಮೂವತ್ತು ವರ್ಷ ದುಡಿದ ಕಾಲದಲ್ಲಿ ನಾವಿಬ್ಬರೂ ರಾತ್ರಿ ಎರಡು ಗಂಟೆಗೆ ಹೀಗೆ ಸುಮ್ಮನೆ ಕೂತ ನೆನಪು ನನಗಿಲ್ಲ. "ನಾಳೆಯೂ ಇಲ್ಲೇ ಇರೋಣವೇನೇ?" ಎಂದರು. ಮರುದಿನ ಕ್ಯಾಂಪ್ ನೋಡಿಕೊಳ್ಳುವಾತನ ಬಳಿ ಹೋಗಿ ಇನ್ನೆರಡು ರಾತ್ರಿಯ ದುಡ್ಡು ಕಟ್ಟಿದೆವು.

ವ್ಯಾಲೆಂಟೈನ್ ಎಂಬ ಊರಿನ ಕಡೆಗೆ ಹೊರಟ ಮಧ್ಯಾಹ್ನ ಸೆಪ್ಟೆಂಬರಾದರೂ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಮ್ಮವರಿಗೆ ತಲೆನೋವು ಶುರುವಾಗಿ, ರಸ್ತೆ ಬದಿ ನಿಲ್ಲಿಸಿ ಎಸಿ ಹಾಕಿ ಮಲಗಿಸೋಣವೆಂದರೆ ಜನರೇಟರ್ ಎದ್ದೇಳಲಿಲ್ಲ. ಇಪ್ಪತ್ತು ನಿಮಿಷ ಗುಂಡಿ ಒತ್ತಿದೆ. ಕೊನೆಗೆ ಬಾಡಿಗೆಯವರಿಗೆ ಫೋನ್ ಹಚ್ಚಿದಾಗ "ಪೆಟ್ರೋಲ್ ಮುಳ್ಳು ಎಲ್ಲಿದೆ?" ಎಂದು ಕೇಳಿದರು. ಕಾಲು ಟ್ಯಾಂಕಿನ ಗೆರೆಗಿಂತ ಕೆಳಗಿತ್ತು. ಜನರೇಟರ್ ಇಡೀ ಪೆಟ್ರೋಲ್ ಕುಡಿದು ನಿಮ್ಮನ್ನು ದಾರಿಯಲ್ಲಿ ನಿಲ್ಲಿಸಬಾರದೆಂದೇ ಹಾಗೆ ಮಾಡಿರುತ್ತಾರಂತೆ. ಒಳ್ಳೆಯ ಏರ್ಪಾಡು, ಹೊರಡುವ ದಿನವೇ ಹೇಳಬೇಕಾದ ಮಾತು. ಪೆಟ್ರೋಲ್ ಬಂಕುಗಳು ದೂರ ದೂರ ಇರುವ ಈ ಪ್ರದೇಶದಲ್ಲಿ ಅರ್ಧಕ್ಕೆ ಬಂದ ಕೂಡಲೇ ತುಂಬಿಸಿ.

ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಬಂದಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಸವೆದ ಮಣ್ಣಿನ ಗೋಪುರಗಳಲ್ಲಿ ಕೆಂಪು, ಬೂದು, ಹಳದಿ ಪಟ್ಟೆಗಳು. ವರ್ಷಕ್ಕೆ ಸುಮಾರು ಒಂದು ಇಂಚು ಸವೆಯುತ್ತವೆ ಎಂದು ಪಾರ್ಕಿನವರು ಹೇಳುತ್ತಾರೆ. ಜಾಗದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಗಾಳಿಯ ಬಗ್ಗೆ ಹೇಳುತ್ತೇನೆ. ಹನ್ನೊಂದು ಅಡಿ ಎತ್ತರದ ಈ ಗಾಡಿಗೆ ಅಡ್ಡಗಾಳಿ ಹೊಡೆದರೆ ಸ್ಟೀರಿಂಗ್ ಹಿಡಿದ ತೋಳು ಸಂಜೆಯವರೆಗೂ ನೋಯುತ್ತದೆ. ಹೊರಗಿನ ಬಟ್ಟೆಯ ಚಪ್ಪರವನ್ನು ಚಾಚಿ ನಡೆಯಲು ಹೋಗಿದ್ದೆವು. ಹದಿನೈದು ನಿಮಿಷದಲ್ಲಿ ಗಾಳಿ ಎದ್ದಿತು. ಪಕ್ಕದ ಸೈಟಿನ ದಂಪತಿ ಓಡಿ ಬಂದು ಕಂಬ ಹಿಡಿದುಕೊಂಡಿದ್ದರು, ಇಲ್ಲದಿದ್ದರೆ ಕಿತ್ತು ಹೋಗುತ್ತಿತ್ತು. ಅಂದಿನಿಂದ ಗಾಡಿ ಬಿಟ್ಟು ಹೋಗುವಾಗ ಚಪ್ಪರ ಸುತ್ತಿಟ್ಟೇ ಹೋದೆವು. ಆ ದಂಪತಿಗೆ ರಾತ್ರಿ ಉಪ್ಪಿಟ್ಟು ಕೊಟ್ಟೆ, ಅವರು ತಮ್ಮ ತೋಟದ ಟೊಮ್ಯಾಟೊ ಕೊಟ್ಟರು.

ವಾಲ್ ಡ್ರಗ್ ಎಂಬ ರಸ್ತೆಬದಿಯ ಅಂಗಡಿಯಲ್ಲಿ ಐದು ಸೆಂಟಿನ ಕಾಫಿ ಕುಡಿದೆವು, ತೆಳು ಕಾಫಿ, ಆದರೂ ಖುಷಿಯಾಯಿತು. ಮಿಚೆಲ್‌ನ ಕಾರ್ನ್ ಪ್ಯಾಲೇಸ್‌ನಲ್ಲಿ ಹೊರಗೋಡೆಯ ಚಿತ್ರಗಳೆಲ್ಲ ಬಣ್ಣ ಬಣ್ಣದ ಜೋಳದ ತೆನೆಗಳಿಂದ ಆದವು. ಅರ್ಧ ಗಂಟೆ ಸಾಕು.

ಟ್ಯಾಂಕ್ ಖಾಲಿ ಮಾಡುವ ಕೆಲಸವೇ ಬೇಡ ಎಂದು ಆರ್‌ವಿಯಿಂದ ದೂರ ಇರುವವರು ನನ್ನ ಗೆಳತಿಯರಲ್ಲೂ ಇದ್ದಾರೆ. ಕೈಗವಸು ಹಾಕಿ, ಪೈಪು ಜೋಡಿಸಿ, ಮೊದಲು ಬ್ಲ್ಯಾಕ್ ಟ್ಯಾಂಕ್ ಬಿಡಿ, ಆಮೇಲೆ ಪಾತ್ರೆ ಸ್ನಾನದ ಗ್ರೇ ಟ್ಯಾಂಕ್. ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಹತ್ತು ನಿಮಿಷ. ಮೂರು ದಿನಕ್ಕೊಮ್ಮೆ ಮಾಡಿದೆವು, ದೀಪ ಏನೇ ಹೇಳಲಿ.

ಹಿಂತಿರುಗುವಾಗ ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ಒಂದು ರಾತ್ರಿ. ಆರ್‌ವಿ ತಯಾರಿಸುವ ವಿನ್ನೆಬ್ಯಾಗೋ ಕಂಪನಿ 1958ರಲ್ಲಿ ಹುಟ್ಟಿದ ಊರು ಇದು. ಕೊನೆಯ ಎರಡು ರಾತ್ರಿ ಮೆಕ್‌ಗ್ರೆಗರ್ ಮೇಲಿನ ಪೈಕ್ಸ್ ಪೀಕ್ ಸ್ಟೇಟ್ ಪಾರ್ಕಿನಲ್ಲಿ. ಕಡಿದಾದ ಏರು, ಕಡಿದಾದ ಇಳಿತ. ಇಳಿಯುವಾಗ ಟೋ-ಹಾಲ್ ಗುಂಡಿ ಒತ್ತಿದರೆ ಎಂಜಿನ್ನೇ ವೇಗ ಹಿಡಿದಿಡುತ್ತದೆ, ಬ್ರೇಕ್ ಬಿಸಿಯೇರುವುದಿಲ್ಲ. ಮೇಲಿನಿಂದ ನೋಡಿದರೆ ವಿಸ್ಕಾನ್ಸಿನ್ ನದಿ ಬಂದು ಮಿಸಿಸಿಪ್ಪಿಯನ್ನು ಕೂಡುತ್ತದೆ. 1673ರಲ್ಲಿ ಮಾರ್ಕೆಟ್ ಮತ್ತು ಜೋಲಿಯೆ ಎಂಬ ಫ್ರೆಂಚ್ ಅನ್ವೇಷಕರು ದೋಣಿಯಲ್ಲಿ ಬಂದು ತಾವು ಮೊದಲ ಸಲ ಮಿಸಿಸಿಪ್ಪಿಯನ್ನು ಕಂಡ ಜಾಗ. ಬೆಳಿಗ್ಗೆ ಮಂಜು ಎರಡೂ ನದಿಗಳನ್ನು ಮುಚ್ಚಿತ್ತು. ಒಂಬತ್ತು ಗಂಟೆಗೆ ಅದು ಕರಗುವವರೆಗೆ ಕಾದು ಎರಡನೇ ಕಾಫಿ ಮಾಡಿದೆ.

ಉಳಿದ ಕೊರತೆಗಳು: ಹಿಂದಿನ ಹಾಸಿಗೆಗೆ ಒಂದೇ ಕಡೆಯಿಂದ ಇಳಿಯಬೇಕು, ರಾತ್ರಿ ಏಳಬೇಕಾದರೆ ಅವರನ್ನು ದಾಟಿಯೇ ಹೋಗಬೇಕು. ಚಳಿಗೆ ಹೀಟರ್ ಹಾಕಿದರೆ ಸದ್ದು ಜಾಸ್ತಿ. ಸ್ನಾನದ ಬಿಸಿನೀರು ಐದಾರು ನಿಮಿಷ. ಪಕ್ಕಕ್ಕೆ ಚಾಚುವ ಸ್ಲೈಡ್ ನಮ್ಮಿಬ್ಬರಿಗೆ ಬೇಕಾಗಿಯೇ ಇರಲಿಲ್ಲ. ಗಾಡಿಗೆ ಐದಕ್ಕೆ ನಾಲ್ಕು, ಬಾಡಿಗೆಯವರಿಗೆ ಎರಡು.

ಮುಂದಿನ ಮಾರ್ಚಿಗೆ ನೆಬ್ರಾಸ್ಕಾದ ಪ್ಲ್ಯಾಟ್ ನದಿಗೆ ಹೋಗುತ್ತಿದ್ದೇವೆ, ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ಲಕ್ಷಗಟ್ಟಲೆ ಬಂದಿಳಿಯುವ ಕಾಲಕ್ಕೆ. ಆಗ ರಾತ್ರಿ ಪೈಪಿನ ನೀರು ಹೆಪ್ಪುಗಟ್ಟಬಹುದು, ಆದ್ದರಿಂದ ಟ್ಯಾಂಕಿಗೆ ಹೀಟರ್ ಇರುವ, ಸ್ಲೈಡ್ ಇಲ್ಲದ ಚಿಕ್ಕ ಗಾಡಿಯನ್ನು ಬೇರೆ ಕಡೆ ಹೇಳಿದ್ದೇವೆ. ಹಾಸಿಗೆಗೆ ಎರಡೂ ಕಡೆ ದಾರಿ ಇದೆಯೇ ಎಂದು ಮೊದಲೇ ಕೇಳಿಯಾಗಿದೆ.