ನೀರು ಎಲ್ಲಿಂದ ಬರುತ್ತದೆ: ಯೂಟಾದ ಮೂರು ಕಣಿವೆ ಬಿಡಾರಗಳ ಹೋಲಿಕೆ

ಅಮೆರಿಕದ ಯೂಟಾ ರಾಜ್ಯದ ಕೆಂಪು ಕಣಿವೆಗಳಲ್ಲಿ ಟೆಂಟು ಹಾಕಿ ರಾತ್ರಿ ಕಳೆಯಬೇಕೆಂದು ಹೊರಡುವ ನಮ್ಮ ಕಡೆಯ ಸ್ನೇಹಿತರು ನನ್ನನ್ನು ಮೊದಲು ಕೇಳುವುದು ಎಲ್ಲಿಂದ ನೋಟ ಚೆನ್ನಾಗಿದೆ ಎಂದು. ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಸಿದ ಈ ವರ್ಷಗಳಲ್ಲಿ ನಾನು ಮತ್ತು ನನ್ನ ಮನೆಯವರು ಮೂರು ಬಿಡಾರಗಳಲ್ಲಿ, ಒಂದೊಂದರಲ್ಲೂ ವಸಂತದಲ್ಲೊಮ್ಮೆ ಮತ್ತು ಸೆಪ್ಟೆಂಬರ್ ಕೊನೆಯಲ್ಲೊಮ್ಮೆ, ಎರಡೆರಡು ರಾತ್ರಿ ತಂಗಿದ್ದೇವೆ. ಆ ಹನ್ನೆರಡು ರಾತ್ರಿಗಳ ಅನುಭವದಿಂದ ಹೇಳುವುದಾದರೆ, ಮೂರರಲ್ಲೂ ನೋಟಕ್ಕೆ ಕೊರತೆಯಿಲ್ಲ. ಅಲ್ಲಿ ಕಳೆಯುವ ದಿನ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ನೀರು. ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ, ನೀರಿನ ಬಿಂದಿಗೆಗಳನ್ನು ಎಣಿಸಿಡುವ ಮನೆಯಲ್ಲಿ ಬೆಳೆದ ನನಗೆ ಇದು ಮೊದಲ ಪ್ರವಾಸದಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಮ್ಮ ಒಣ ತಾಲ್ಲೂಕುಗಳಲ್ಲಿ ಬೀಳುವ ಮಳೆಯ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ವರ್ಷಕ್ಕೆ 250 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ನೆಲ ಅದು.

ಹೋಲಿಕೆಗೆ ತೆಗೆದುಕೊಂಡಿರುವ ಬಿಡಾರಗಳು ಇವು. ಮೊದಲನೆಯದು ಕೆನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಐಲ್ಯಾಂಡ್ ಇನ್ ದ ಸ್ಕೈ ಭಾಗದಲ್ಲಿರುವ ವಿಲೋ ಫ್ಲಾಟ್. ಎರಡನೆಯದು ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಡೆಡ್ ಹಾರ್ಸ್ ಪಾಯಿಂಟ್ ಎಂಬ ರಾಜ್ಯ ಉದ್ಯಾನದ ಕಯೆಂಟಾ. ಮೂರನೆಯದು ಇವೆರಡರಿಂದಲೂ ದೂರ, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದೊಳಗಿನ ಫ್ರೂಟಾ. ಮೊದಲ ಎರಡು ಮೋಆಬ್ ಊರಿನ ಮೇಲಿರುವ ಎತ್ತರದ ಮೇಜುಗುಡ್ಡದ ಮೇಲಿವೆ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಮೀಟರಿನಷ್ಟು ಮಾತ್ರ ಕೆಳಗೆ. ಅಲ್ಲಿ ನಿಂತರೆ ಕಣಿವೆ ನಿಮ್ಮ ಕಾಲ ಕೆಳಗಿರುತ್ತದೆ. ಸುಮಾರು 1,680 ಮೀಟರ್ ಎತ್ತರದ ಫ್ರೂಟಾದಲ್ಲಿ ನೀವೇ ಕಣಿವೆಯ ತಳದಲ್ಲಿರುತ್ತೀರಿ, ಕೆಂಪು ಬಂಡೆಯ ಗೋಡೆಗಳು ನಿಮ್ಮ ಸುತ್ತ ಎದ್ದಿರುತ್ತವೆ. ಇಡೀ ಹೋಲಿಕೆಯ ಬೇರು ಈ ವ್ಯತ್ಯಾಸದಲ್ಲಿಯೇ ಇದೆ, ಏಕೆಂದರೆ ನೀರು ಇಳಿಯುವುದು ತಳಕ್ಕೆ.

ವಿಲೋ ಫ್ಲಾಟ್‌ನಲ್ಲಿ ನೀರಿಲ್ಲ. ಬಿಡಾರದಲ್ಲಿ ಒಂದೇ ಒಂದು ನಲ್ಲಿಯೂ ಇಲ್ಲ. ಹತ್ತು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಹೋಗಿ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ತುಂಬಿಸಿಕೊಳ್ಳಬೇಕು, ಇಲ್ಲವೇ ಮೋಆಬ್‌ನಿಂದಲೇ ಹೊತ್ತು ತರಬೇಕು. ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ಎಂಬುದು ಅಲ್ಲಿ ಎಲ್ಲರೂ ಹೇಳುವ ಲೆಕ್ಕ. ನಾವು ಮೊದಲ ಸಲ ನಾಲ್ವರಿಗೆ ಎರಡು ದಿನಕ್ಕೆಂದು ಮೂವತ್ತು ಲೀಟರ್ ಒಯ್ದಿದ್ದೆವು, ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕದಲ್ಲಿ ಅಕ್ಕಿ ತೊಳೆಯುವುದು, ಬೇಳೆ ಬೇಯಿಸುವುದು, ಸಾರಿನ ಪಾತ್ರೆಗೆ ಅಂಟಿದ ಜಿಡ್ಡು ತೆಗೆಯುವುದು ಸೇರಿಲ್ಲ. ಬ್ರೆಡ್ಡು ಮತ್ತು ಡಬ್ಬಿಯ ಆಹಾರ ತಿನ್ನುವವರಿಗೆ ಸಾಲುವ ನೀರು ಅನ್ನ ಸಾರು ಮಾಡಿಕೊಳ್ಳುವವರಿಗೆ ಸಾಲದು. ಇದರ ಮೇಲೆ ಅಲ್ಲಿನ ಗಾಳಿ ಎಷ್ಟು ಒಣಗಿದ್ದೆಂದರೆ ಮೈಮೇಲೆ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಬಾಯಾರಿಕೆ ತಿಳಿಯುವ ಹೊತ್ತಿಗೆ ತಲೆನೋವು ಆಗಲೇ ಶುರುವಾಗಿರುತ್ತದೆ. ಎರಡನೆಯ ದಿನ ಮಧ್ಯಾಹ್ನ ಕ್ಯಾನಿನಲ್ಲಿ ನಾಲ್ಕು ಬೆರಳು ನೀರು ಉಳಿದಾಗ, ಮಗಳು ಲೋಟ ಹಿಡಿದು ಬಂದು ಇನ್ನೊಂದು ಸಲ ಕುಡಿಯಬಹುದೇ ಎಂದು ಅನುಮತಿ ಕೇಳಿದಳು. ಆ ಕ್ಷಣವೇ ಕಾರು ತೆಗೆದು ನೀರು ತುಂಬಿಸಿಕೊಂಡು ಬಂದೆ. ಅಂದಿನಿಂದ ನಮ್ಮ ಲೆಕ್ಕ ತಲೆಗೆ ದಿನಕ್ಕೆ ಏಳು ಲೀಟರ್.

ಡೆಡ್ ಹಾರ್ಸ್ ಪಾಯಿಂಟ್‌ನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಆದರೆ ಆ ನೀರನ್ನು ಮೋಆಬ್‌ನಿಂದ ಟ್ಯಾಂಕರ್ ಲಾರಿಗಳಲ್ಲಿ ಗುಡ್ಡ ಹತ್ತಿಸಿ ತರಲಾಗುತ್ತದೆ. ಆದುದರಿಂದಲೇ ಅಲ್ಲಿ ಮನೆಯಂತಹ ದೊಡ್ಡ ವಾಹನಗಳಲ್ಲಿ ಬರುವವರು ತಮ್ಮ ತೊಟ್ಟಿಗಳನ್ನು ಊರಿನಲ್ಲೇ ತುಂಬಿಸಿಕೊಂಡು ಬರಬೇಕೆಂದು ಮೊದಲೇ ತಿಳಿಸಿರುತ್ತಾರೆ. ಕುಡಿಯಲು, ಅಡುಗೆಗೆ ಯಾವ ತೊಂದರೆಯೂ ಆಗಲಿಲ್ಲ. ಆದರೂ ಟ್ಯಾಂಕರ್ ನೀರಿನ ದಿನಗಳನ್ನು ಕಂಡವರಿಗೆ ಆ ನಲ್ಲಿಯನ್ನು ಪೂರ್ತಿ ತಿರುಗಿಸಲು ಕೈ ಬರುವುದಿಲ್ಲ. ಆ ಜಾಗಕ್ಕೆ ಹೆಸರು ಬಂದ ಕಥೆಯೂ ನೀರಿನದೇ. ಮೂರು ಕಡೆ ಪ್ರಪಾತವಿರುವ, ಕೇವಲ 27 ಮೀಟರಿನಷ್ಟು ಅಗಲದ ಕುತ್ತಿಗೆಯಿಂದ ಮಾತ್ರ ಪ್ರವೇಶವಿರುವ ಆ ಚಾಚಿನೊಳಕ್ಕೆ ಹಿಂದಿನ ಕಾಲದ ದನಗಾಹಿಗಳು ಕಾಡುಕುದುರೆಗಳನ್ನು ಅಟ್ಟಿ ಬೇಲಿ ಹಾಕುತ್ತಿದ್ದರೆಂದೂ, ಒಮ್ಮೆ ಬಿಟ್ಟುಹೋದ ಕುದುರೆಗಳು 600 ಮೀಟರ್ ಕೆಳಗೆ ಹರಿಯುವ ಕೊಲರಾಡೊ ನದಿಯನ್ನು ನೋಡುತ್ತಲೇ ನೀರಡಿಸಿ ಸತ್ತವೆಂದೂ ಐತಿಹ್ಯ ಹೇಳುತ್ತದೆ. ಸಂಜೆ ಆ ತುದಿಯಲ್ಲಿ ನಿಂತು, ನದಿ ಬಾಗಿ ಹಿಂದಿರುಗುವ ಆ ದೊಡ್ಡ ತಿರುವನ್ನು ನೋಡುವಾಗ ಈ ಕಥೆ ಮನಸ್ಸಿನಿಂದ ಹೋಗುವುದಿಲ್ಲ. ಅದೇ ನೋಟದ ಒಂದು ಅಂಚಿನಲ್ಲಿ ಕಡುನೀಲಿ ಕೊಳಗಳು ಕಾಣುತ್ತವೆ. ಅವು ಪೊಟ್ಯಾಷ್ ತೆಗೆಯುವ ಕೊಳಗಳು, ನೀರು ಬೇಗ ಆವಿಯಾಗಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸಲಾಗುತ್ತದೆ.

ಫ್ರೂಟಾದ ಮಾತು ಬೇರೆ. ಫ್ರಿಮಾಂಟ್ ಎಂಬ ಸಣ್ಣ ನದಿ ಬಿಡಾರದ ಪಕ್ಕದಲ್ಲೇ ಹರಿಯುತ್ತದೆ. 1880ರ ದಶಕದಲ್ಲಿ ಇಲ್ಲಿ ನೆಲೆ ನಿಂತ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಕಾಲುವೆ ತೋಡಿ ಹಣ್ಣಿನ ತೋಟ ಮಾಡಿದವು. ಒಂದೇ ಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಕುಟುಂಬಗಳು ಇಲ್ಲಿ ಬಾಳಲಿಲ್ಲ, ಈಗ ಯಾರೂ ಉಳಿದಿಲ್ಲ, ಆದರೆ ತೋಟಗಳನ್ನು ಉದ್ಯಾನದವರು ಇಂದಿಗೂ ನೋಡಿಕೊಳ್ಳುತ್ತಿದ್ದಾರೆ. ಚೆರ್ರಿ, ಏಪ್ರಿಕಾಟ್, ಪೀಚ್, ಪೇರ್, ಸೇಬು ಎಲ್ಲವೂ ಇವೆ. ಕೊಯ್ಲಿಗೆ ತೆರೆದ ತೋಟದಲ್ಲಿ ಅಲ್ಲೇ ನಿಂತು ತಿನ್ನುವ ಹಣ್ಣಿಗೆ ಹಣವಿಲ್ಲ, ಬುಟ್ಟಿಯಲ್ಲಿ ಒಯ್ಯುವುದಕ್ಕೆ ತೂಕದ ಮೇಲೆ ಹಣ ಹಾಕಬೇಕು. ನಾವು ಎರಡನೆಯ ಸಲ ಹೋದಾಗ ಊರಿನಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ಮರಗಳ ಸಾಲಿಗೆ ಕಾಲುವೆಯಿಂದ ನೀರು ಹಾಯಿಸುವುದನ್ನು ಕಂಡು ಅವರು ಅಲ್ಲೇ ಕುಳಿತುಬಿಟ್ಟರು. ನಮ್ಮ ತೋಟದಲ್ಲಿ ಹೀಗೆಯೇ ಅಲ್ಲವೇ ಎಂದು ಕೇಳಿ, ಹರಿಯುವ ನೀರಿನಲ್ಲಿ ಕೈ ಅದ್ದಿ ಬಹಳ ಹೊತ್ತು ಸುಮ್ಮನಿದ್ದರು. ಬಂಡೆ ಮತ್ತು ಮರಳಿನ ಆ ಪ್ರದೇಶದಲ್ಲಿ ಒಂದು ಸಣ್ಣ ನದಿ ಏನು ಮಾಡಬಲ್ಲದೆಂಬುದನ್ನು ನಾನು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ನೀರಿನ ನಂತರ ಬರುವುದು ಗಾಳಿ ಮತ್ತು ನೆರಳು. ಇಲ್ಲಿ ವಿಲೋ ಫ್ಲಾಟ್ ಎಲ್ಲಕ್ಕಿಂತ ಕಠಿಣ. ಅಲ್ಲಿನ ಜೂನಿಪರ್ ಮತ್ತು ಪಿನ್ಯನ್ ಪೈನ್ ಮರಗಳು ನೋಡಲು ಸುಂದರ, ಆದರೆ ಆಳೆತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಬೆಳೆಯುವ ಅವುಗಳ ನೆರಳಿನಲ್ಲಿ ಟೆಂಟು ನಿಲ್ಲಿಸಲಾಗದು. ಏಪ್ರಿಲ್ ತಿಂಗಳ ಮೇಜುಗುಡ್ಡದ ಗಾಳಿಗೆ ನಮ್ಮ ಟೆಂಟಿನ ಒಂದು ಕೋಲು ಮುರಿಯಿತು. ತೆಳುಮಣ್ಣಿನ ಕೆಳಗೆ ಬಂಡೆ ಇರುವುದರಿಂದ ಗೂಟಗಳು ಎರಡು ಬೆರಳಿಗಿಂತ ಆಳಕ್ಕೆ ಇಳಿಯಲಿಲ್ಲ, ಕೊನೆಗೆ ದೊಡ್ಡ ಕಲ್ಲುಗಳಿಗೆ ಹಗ್ಗ ಬಿಗಿದು ರಾತ್ರಿ ಕಳೆದೆವು. ಕಯೆಂಟಾದ ಪ್ರತಿ ಜಾಗದಲ್ಲಿಯೂ ಊಟದ ಮೇಜಿಗೆ ಮೇಲ್ಛಾವಣಿಯಿದೆ, ಗಾಳಿ ತಡೆಯುವ ಗೋಡೆಯ ಮರೆಯಿದೆ, ಟೆಂಟಿಗೆಂದೇ ಸಮ ಮಾಡಿದ ನೆಲವಿದೆ. ಅದೇ ಗಾಳಿ ಬೀಸುತ್ತಿದ್ದರೂ ಒಲೆ ಆರಲಿಲ್ಲ. ಫ್ರೂಟಾದಲ್ಲಿ ಕಾಟನ್‌ವುಡ್ ಮರಗಳ ದೊಡ್ಡ ನೆರಳು, ಕಾಲಡಿಗೆ ಹುಲ್ಲು, ಗಾಳಿಯನ್ನು ತಡೆಯಲು ಬಂಡೆಯ ಗೋಡೆಗಳು. ಸಂಜೆ ಮ್ಯೂಲ್ ಜಾತಿಯ ಜಿಂಕೆಗಳು ಹಣ್ಣು ಹುಡುಕುತ್ತ ಟೆಂಟುಗಳ ನಡುವೆಯೇ ಓಡಾಡುತ್ತವೆ.

ಇಲ್ಲಿ ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಹೊಸಬರು ತಿಳಿಯದೆ ಹಾನಿ ಮಾಡುತ್ತಾರೆ. ಮೂರೂ ಉದ್ಯಾನಗಳಲ್ಲಿ ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಪದರವೊಂದಿದೆ. ಅದು ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂವು ಮತ್ತು ಹಾವಸೆಗಳು ಸೇರಿ ಕಟ್ಟಿರುವ ಜೀವಂತ ಹೊದಿಕೆ. ಗಾಳಿಗೆ ಮರಳು ಹಾರದಂತೆ ಹಿಡಿದಿಡುವುದು, ಬಿದ್ದ ಅಲ್ಪ ಮಳೆಯನ್ನು ಹೀರಿಕೊಳ್ಳುವುದು ಅದೇ. ಒಂದು ಹೆಜ್ಜೆಗೆ ಪುಡಿಯಾಗುವ ಅದು ಮತ್ತೆ ಬೆಳೆಯಲು ಹಲವಾರು ವರ್ಷಗಳು ಬೇಕು. ಮಕ್ಕಳಿಗೆ ಇದನ್ನು ಮೊದಲೇ ತೋರಿಸಿ, ಬಂಡೆಯ ಮೇಲೆ ಅಥವಾ ಕಾಲುದಾರಿಯಲ್ಲೇ ನಡೆಯಬೇಕೆಂದು ಹೇಳಿಕೊಡಿ.

ಅಡುಗೆಯ ವಿಷಯದಲ್ಲಿ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಜುಗುಡ್ಡದ ಮೇಲೆ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ನೀರೂ ಅನಿಲವೂ ವ್ಯರ್ಥವಾಗುತ್ತವೆ. ಎರಡು ಲೀಟರಿನ ಸಣ್ಣ ಪ್ರೆಶರ್ ಕುಕ್ಕರ್ ಒಯ್ಯುವುದೇ ಪರಿಹಾರ, ಅದರಿಂದ ನೀರೂ ಉಳಿಯುತ್ತದೆ. ಕಯೆಂಟಾದಲ್ಲಿ ಪ್ರತಿ ಜಾಗಕ್ಕೂ ವಿದ್ಯುತ್ ಸಂಪರ್ಕ ಇರುವುದರಿಂದ ನನ್ನ ಪತ್ನಿ ಮನೆಯ ಎಲೆಕ್ಟ್ರಿಕ್ ಕುಕ್ಕರನ್ನೇ ತಂದಿದ್ದಳು; ಮನೆಗಿಂತ ಸ್ವಲ್ಪ ಹೆಚ್ಚು ನೀರಿಟ್ಟರೆ ಅನ್ನ ಸರಿಯಾಗಿ ಆಗುತ್ತದೆ. ಶೌಚಾಲಯಗಳ ಮಾತು ಚಿಕ್ಕದು: ವಿಲೋ ಫ್ಲಾಟ್‌ನಲ್ಲಿ ನೀರಿಲ್ಲದ ಗುಂಡಿ ಶೌಚಾಲಯ, ಉಳಿದೆರಡರಲ್ಲಿ ನೀರು ಹರಿಸುವಂಥದ್ದು, ಮೂರರಲ್ಲಿಯೂ ಸ್ನಾನದ ವ್ಯವಸ್ಥೆಯಿಲ್ಲ.

ಜಾಗ ಸಿಗುವ ರೀತಿಯೂ ಮೂರು ಬಗೆ. ವಿಲೋ ಫ್ಲಾಟ್‌ನಲ್ಲಿರುವುದು 12 ಜಾಗಗಳು ಮಾತ್ರ, ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಮೊದಲು. ನಾವು ಹೋದಾಗ ರಾತ್ರಿಗೆ 15 ಡಾಲರ್ ಇತ್ತು, ಬೆಳಗಿನ ಏಳೂವರೆಗೆ ತಲುಪಿಯೂ ಒಬ್ಬರು ಟೆಂಟು ಬಿಚ್ಚುವವರೆಗೆ ಕಾಯಬೇಕಾಯಿತು. ಕಯೆಂಟಾದ 21 ಜಾಗಗಳನ್ನು ನಾಲ್ಕು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು, ಮೂರರಲ್ಲಿ ದುಬಾರಿಯೂ ಅದೇ. ಅಲ್ಲಿ 2018ರಲ್ಲಿ ವಿಂಗೇಟ್ ಎಂಬ ಇನ್ನೊಂದು ಬಿಡಾರವೂ ಆಗಿದೆ. ಕಯೆಂಟಾ, ವಿಂಗೇಟ್ ಎರಡೂ ಆ ಕಣಿವೆಯ ಗೋಡೆಗಳಲ್ಲಿ ಕಾಣುವ ಮರಳುಗಲ್ಲಿನ ಪದರಗಳ ಹೆಸರುಗಳು. ಫ್ರೂಟಾದಲ್ಲಿ 71 ಜಾಗಗಳಿವೆ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಕಾಯ್ದಿರಿಸಬೇಕು.

ಇಷ್ಟೆಲ್ಲ ಓದಿದವರು ಫ್ರೂಟಾವೇ ಎಲ್ಲದರಲ್ಲಿಯೂ ಮೇಲೆಂದು ತಿಳಿಯಬಹುದು. ಹಾಗಲ್ಲವೆನ್ನುವುದಕ್ಕೆ ರಾತ್ರಿ ಆಗಬೇಕು. ಮೂರೂ ಉದ್ಯಾನಗಳಿಗೆ ಕತ್ತಲ ಆಕಾಶವನ್ನು ಕಾಪಾಡುವ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ, ಕೆನ್ಯನ್‌ಲ್ಯಾಂಡ್ಸ್ ಮತ್ತು ಕ್ಯಾಪಿಟಲ್ ರೀಫ್‌ಗೆ 2015ರಲ್ಲಿ, ಡೆಡ್ ಹಾರ್ಸ್ ಪಾಯಿಂಟ್‌ಗೆ 2016ರಲ್ಲಿ. ಆದರೆ ಫ್ರೂಟಾದಲ್ಲಿ ಬಂಡೆಯ ಗೋಡೆಗಳ ನಡುವೆ ಕಾಣುವ ಆಕಾಶಕ್ಕೆ ಅಂಚು ಕಟ್ಟಿದಂತಿರುತ್ತದೆ, ಮರಗಳು ಇನ್ನಷ್ಟನ್ನು ಮುಚ್ಚುತ್ತವೆ, 71 ಕುಟುಂಬಗಳ ದೀಪ ಮತ್ತು ಮಾತು ಹತ್ತು ಗಂಟೆಯವರೆಗೂ ಇರುತ್ತದೆ. ಕಯೆಂಟಾದಲ್ಲಿ ಪಕ್ಕದ ವಾಹನಗಳ ಬೆಳಕು ಕಣ್ಣಿಗೆ ಬೀಳುತ್ತಿತ್ತು, ನಕ್ಷತ್ರ ನೋಡಲು ತುದಿಯವರೆಗೆ ಹೋಗಬೇಕಾಯಿತು. ವಿಲೋ ಫ್ಲಾಟ್‌ನಲ್ಲಿ ಒಲೆ ಆರಿಸಿದ ಮೇಲೆ ಬೆಳಕೇ ಇರಲಿಲ್ಲ. ಕೆಲವೇ ನಿಮಿಷ ನಡೆದರೆ ಗ್ರೀನ್ ನದಿಯ ಕಣಿವೆಯ ಅಂಚು. ಅಲ್ಲಿ ಅಮಾವಾಸ್ಯೆಯ ಹತ್ತಿರದ ರಾತ್ರಿ ಆಕಾಶಗಂಗೆ ಒಂದು ದಿಗಂತದಿಂದ ಇನ್ನೊಂದು ದಿಗಂತದವರೆಗೆ ಮುರಿಯದೆ ಹರಡಿಕೊಂಡಿತ್ತು, ಕೆಳಗಿನ ಕಣಿವೆಯಿಂದ ಒಂದು ಸದ್ದೂ ಬರುತ್ತಿರಲಿಲ್ಲ. ನೀರಿನ ಕ್ಯಾನು, ಮುರಿದ ಕೋಲು, ಹಗಲಿನ ಬಿಸಿಲು ಎಲ್ಲವನ್ನೂ ಆ ಒಂದು ಗಂಟೆಗಾಗಿ ನಾನು ಸಹಿಸಬಲ್ಲೆ. ಬೆಳಿಗ್ಗೆ ಮೆಸಾ ಆರ್ಚ್ ಎಂಬ ಕಲ್ಲಿನ ಕಮಾನಿನ ಅಡಿಭಾಗ ಸೂರ್ಯೋದಯಕ್ಕೆ ಕೆಂಡದಂತೆ ಹೊಳೆಯುವುದನ್ನು ನೋಡಲು, ಮೋಆಬ್‌ನಲ್ಲಿ ತಂಗಿದವರು ಒಂದು ಗಂಟೆ ಮುಂಚೆ ಹೊರಡಬೇಕು. ವಿಲೋ ಫ್ಲಾಟ್‌ನಿಂದ ಹತ್ತು ನಿಮಿಷ ಸಾಕು.

ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಯವರಿಗೆ ನಾನು ಫ್ರೂಟಾವನ್ನೇ ಹೇಳುತ್ತೇನೆ. ಮಂಡಿನೋವಿನ ಅಮ್ಮ ಅಲ್ಲಿ ಎರಡು ದಿನ ಯಾರ ಸಹಾಯವೂ ಇಲ್ಲದೆ ಓಡಾಡಿದರು. ನಡೆಯಲಾಗದವರೂ ಕಾರಿನಿಂದಿಳಿದು ಹೆದ್ದಾರಿಯ ಪಕ್ಕದ ಬಂಡೆಯ ಮೇಲೆ ಫ್ರಿಮಾಂಟ್ ಸಂಸ್ಕೃತಿಯವರೆಂದು ಕರೆಯುವ, ಬಹಳ ಹಿಂದೆ ಇಲ್ಲಿ ಬಾಳಿದ ಮೂಲನಿವಾಸಿ ಜನ ಕೊರೆದ ಚಿತ್ರಗಳನ್ನು ನೋಡಬಹುದು. ಟೆಂಟಿನಲ್ಲಿ ಮೊದಲ ಸಲ ಮಲಗುವವರಿಗೆ, ಕಣಿವೆಯ ಅಂಚಿನಲ್ಲೇ ಇರಬೇಕೆಂಬ ಆಸೆಯಿದ್ದರೆ, ಕಯೆಂಟಾ ಸರಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಮೂರಕ್ಕೂ ಹೋಗಬೇಡಿ ಎಂದೇ ನನ್ನ ಸಲಹೆ. ಬಿಸಿಲು ಒಂದು ಕಾರಣ, ಎಲ್ಲೋ ದೂರದಲ್ಲಿ ಬಿದ್ದ ಮಳೆ ಒಣಗಿದ ಕೊರಕಲಿನಲ್ಲಿ ಏಕಾಏಕಿ ಪ್ರವಾಹವಾಗಿ ಬರುವುದು ಇನ್ನೊಂದು. ಮೇ ಕೊನೆ ಮತ್ತು ಜೂನ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನುಸಿಗಳ ಕಾಟವಿರುತ್ತದೆ.

ನಾವಿಬ್ಬರೇ ಹೋಗುವ ಮುಂದಿನ ಸಲಕ್ಕೆ, ಅಕ್ಟೋಬರ್‌ನ ಅಮಾವಾಸ್ಯೆಯ ಹತ್ತಿರದ ಒಂದು ವಾರದ ದಿನವನ್ನು ವಿಲೋ ಫ್ಲಾಟ್‌ಗೆಂದು ಗುರುತಿಟ್ಟುಕೊಂಡಿದ್ದೇವೆ. ಎರಡು ರಾತ್ರಿಗೆ ಮೂವತ್ತು ಲೀಟರ್ ನೀರು, ಇಬ್ಬರಿಗೆ.