ಸಿಮೆಂಟ್ ಕೋರ್ಟಿಗೆ ಯಾವ ಚೆಂಡು: ಐದು ನಂಬರೋ, ಫುಟ್ಸಾಲೋ?

ಸಿಮೆಂಟ್ ಕೋರ್ಟಿನಲ್ಲಿ ಆಡೋದಾದರೆ ಐದು ನಂಬರ್ ಫುಟ್‌ಬಾಲನ್ನು, ಅಂದರೆ ದೊಡ್ಡವರು ಆಡುವ ಮಾಮೂಲಿ ಚೆಂಡನ್ನು, ಮನೇಲೇ ಬಿಟ್ಟು ಫುಟ್ಸಾಲ್ ಚೆಂಡು ಹಿಡಿದು ಬನ್ನಿ. ಫುಟ್ಸಾಲ್ ಅಂದರೆ ಕೋರ್ಟಿನಲ್ಲಿ ಐದೈದು ಜನ ಆಡುವ ಫುಟ್‌ಬಾಲ್. ಹುಬ್ಬಳ್ಳಿಯಲ್ಲಿ ಮಳೆ ಹಿಡಿದರೆ ಎರೆಮಣ್ಣಿನ ಮೈದಾನಕ್ಕೆ ಕಾಲಿಡುವಂತಿಲ್ಲ, ಬೂಟು ಎತ್ತಿದರೆ ಅರ್ಧ ಹೊಲವೇ ಜೊತೆಗೆ ಬರುತ್ತದೆ. ಹಾಗಾಗಿ ನಮ್ಮ ಗ್ಯಾಂಗು ವಿದ್ಯಾನಗರದ ಕಡೆ ಒಂದು ಬಾಸ್ಕೆಟ್‌ಬಾಲ್ ಕೋರ್ಟು ಹಿಡಿದಿದೆ. ಎರಡೂ ಚೆಂಡನ್ನು ಅಲ್ಲೇ ಆಡಿ ನೋಡಿದ್ದೇವೆ.

ಐದು ನಂಬರಿನ ತಕರಾರು ಒಂದೇ, ಬೌನ್ಸ್. ಸ್ವಲ್ಪ ಜೋರಾಗಿ ಒದ್ದರೆ ಸಾಕು, ಒಂದು ಪುಟಿತಕ್ಕೆ ಕಾಂಪೌಂಡ್ ಆಚೆ. ಆಚೆ ಮನೆಯ ಅಜ್ಜಿ ಮೊದಮೊದಲು ತಾವೇ ಎಸೆದುಕೊಡುತ್ತಿದ್ದರು. ಆಮೇಲೆ "ನಿಮ್ಮ ಚೆಂಡ ಕಾಯಾಕ ಕುಂತೀನೇನೋ ನಾ?" ಅಂತ ಗೇಟಿಗೆ ಕೀಲಿ ಹಾಕಿದರು.

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಸಲ ಒಬ್ಬ ಬೀದಿ ಸುತ್ತಿ ಹೋಗಿ ಬೆಲ್ ಒತ್ತಬೇಕು, ಉಳಿದವರು ಸೊಂಟಕ್ಕೆ ಕೈ ಕೊಟ್ಟು ನಿಲ್ಲಬೇಕು. ಬೈಸಿಕೊಳ್ಳಲು ಹೋಗೋದು ಒದ್ದವನೋ, ತಡೆಯದ ಕೀಪರೋ ಅಂತ ಜಗಳ ಬೇರೆ. ಅಷ್ಟರಲ್ಲಿ ಕತ್ತಲು.

ಫುಟ್ಸಾಲ್ ಚೆಂಡು ನಾಲ್ಕು ನಂಬರಿನದು, 400ರಿಂದ 440 ಗ್ರಾಂ. ಎರಡು ಮೀಟರ್ ಮೇಲಿಂದ ಬಿಟ್ಟರೆ 50ರಿಂದ 65 ಸೆಂಟಿಮೀಟರ್ ಮಾತ್ರ ಏಳಬೇಕು ಅನ್ನೋದು ನಿಯಮ. ಮೊಣಕಾಲಿನ ಆಸುಪಾಸು ಅನ್ನಿ. ಅಂಗಾಲಲ್ಲಿ ತುಳಿದು ಎಳೆದುಕೊಂಡರೆ ಮಾತು ಕೇಳುತ್ತದೆ. ಕೇಳದೆ ಏನು, ಈ ಆಟ ರೂಪುಗೊಂಡದ್ದೇ ಇಂಥ ಕೋರ್ಟಿಗಾಗಿ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ವೈಎಂಸಿಎ ಮಾಸ್ತರರು ಬಾಸ್ಕೆಟ್‌ಬಾಲಿನಿಂದ ಐದು ಜನರ ತಂಡ, ಹ್ಯಾಂಡ್‌ಬಾಲಿನಿಂದ ಗೋಲು, ವಾಟರ್‌ಪೋಲೊದಿಂದ ಕೀಪರ್ ನಿಯಮ ಎತ್ತಿಕೊಂಡು ಹೊಂದಿಸಿದ ಆಟ ಇದು. ಚೆಂಡು ಪಕ್ಕದ ಗೆರೆ ದಾಟಿದರೆ ಕೈಯಲ್ಲಿ ಎಸೆಯೋದಿಲ್ಲ, ಗೆರೆ ಮೇಲಿಟ್ಟು ನಾಲ್ಕು ಸೆಕೆಂಡಿನೊಳಗೆ ಒದೆಯಬೇಕು. ನಮಗೆ ಐದು ನಂಬರಿನಲ್ಲಿ ಚೆಂಡೇ ಕೈಗೆ ಸಿಗುತ್ತಿರಲಿಲ್ಲ, ಇನ್ನು ನಾಲ್ಕು ಸೆಕೆಂಡ್ ಎಲ್ಲಿಂದ?

ಹೆಡ್ಡರ್ ಹುಚ್ಚಿನವರಿಗೆ ಇದರಲ್ಲಿ ಮಜಾ ಇಲ್ಲ.

ಕೊಳ್ಳುವಾಗ ಹುಷಾರು. "ನಾಲ್ಕು ನಂಬರ್" ಅಂದರೆ ಮಕ್ಕಳ ಫುಟ್‌ಬಾಲ್ ಕೊಡುವ ಅಂಗಡಿಯವರಿದ್ದಾರೆ. ಅಲ್ಲೇ ನೆಲಕ್ಕೆ ಬಿಟ್ಟು ನೋಡಿ, ಸೊಂಟದವರೆಗೆ ಎದ್ದರೆ ವಾಪಸ್ ಕೊಡಿ. ಗಾಳಿಯನ್ನೂ ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ತುಂಬಿಸಬೇಡಿ, ಕೈಪಂಪು ಸಾಕು.

ದುಡ್ಡು ಕೊಟ್ಟು ಬಲೆ ಕಟ್ಟಿದ ಟರ್ಫಿಗೆ ಹೋಗುವವರಿಗೆ ಐದು ನಂಬರೇ ನಡೆದೀತು. ನಾವು ವಾರವಿಡೀ ಪುಕ್ಕಟೆ ಕೋರ್ಟಿನವರು. ಫುಟ್ಸಾಲ್ ಚೆಂಡು ತುಸು ತುಟ್ಟಿಯಾದರೂ ಹತ್ತು ಜನ ಹಂಚಿಕೊಂಡರೆ ತಲೆಗೆ ಒಂದೆರಡು ಸಂಜೆಯ ಗಿರಮಿಟ್ಟು-ಮಿರ್ಚಿಯ ಖರ್ಚಷ್ಟೇ.